ಪಿತ್ತಕೋಶದ ಉರಿಯೂತ: ಮೊದಲು ಸ್ಕ್ಯಾನಿಂಗೋ, ಸಿಟಿಯೋ?

ರಾತ್ರಿ ಊಟವಾಗಿ ಒಂದೆರಡು ಗಂಟೆಗೆ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ಹಿಡಿದುಕೊಳ್ಳುವ ನೋವನ್ನು ನಮ್ಮಲ್ಲಿ ಬಹುಮಂದಿ ಗ್ಯಾಸ್ಟ್ರಿಕ್ ಎಂದೇ ತಿಳಿಯುತ್ತಾರೆ. ಸೋಡಾ ಕುಡಿದು, ಮನೆಯಲ್ಲಿದ್ದ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯುತ್ತಾರೆ. ಎಷ್ಟೋ ಸಲ ನೋವು ತಾನಾಗಿಯೇ ಇಳಿಯುತ್ತದೆ. ಆದರೆ ಆರು ಗಂಟೆ ಕಳೆದರೂ ಇಳಿಯದೆ, ಬೆನ್ನಿಗೂ ಬಲ ಭುಜಕ್ಕೂ ಹರಿದು, ಜ್ವರ ವಾಂತಿ ಸೇರಿಕೊಂಡರೆ ಅದು ಪಿತ್ತಕೋಶದ ತೀವ್ರ ಉರಿಯೂತ ಇರಬಹುದು. ಹಾಗೆ ಆಸ್ಪತ್ರೆಗೆ ಬಂದವರ ಹೊಟ್ಟೆಯೊಳಗೆ ಮೊದಲು ಯಾವ ಯಂತ್ರದಿಂದ ನೋಡಬೇಕು, ಅದು ಹೇಳಿದ್ದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಬಗ್ಗೆ ವೈದ್ಯರಲ್ಲೇ ಎರಡು ಅಭಿಪ್ರಾಯಗಳಿವೆ. ಎರಡೂ ಅನುಭವದಿಂದ ಬಂದವು, ಎರಡಕ್ಕೂ ಆಧಾರವಿದೆ. ಆದ್ದರಿಂದ ಎರಡನ್ನೂ ಸಾವಧಾನವಾಗಿ ತೂಗಿ ನೋಡಬೇಕು.

ಪಿತ್ತಜನಕಾಂಗದ ಅಡಿಯಲ್ಲಿ ಅಂಟಿಕೊಂಡಿರುವ ಪಿತ್ತಕೋಶ ಒಂದು ಪುಟ್ಟ ಚೀಲ. ಜಿಡ್ಡಿನ ಆಹಾರ ಕರುಳಿಗೆ ಇಳಿದಾಗ ಅದು ಹಿಂಡಿಕೊಂಡು ಪಿತ್ತರಸವನ್ನು ಹೊರಗೆ ಬಿಡುತ್ತದೆ. ಒಳಗೆ ಕಲ್ಲಿದ್ದು ಅದು ಚೀಲದ ಕತ್ತಿನಲ್ಲೋ ನಾಳದಲ್ಲೋ ಸಿಕ್ಕಿಕೊಂಡರೆ ರಸಕ್ಕೆ ದಾರಿಯಿಲ್ಲ. ಚೀಲ ಉಬ್ಬುತ್ತದೆ, ಗೋಡೆ ಬಾತುಕೊಳ್ಳುತ್ತದೆ, ಮೆಲ್ಲಗೆ ಸೋಂಕು ಸೇರುತ್ತದೆ. ತೀವ್ರ ಉರಿಯೂತದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕಾದರೂ ಇಂಥ ಕಲ್ಲೇ ಕಾರಣ. ಉಳಿದವರಲ್ಲಿ ಹೆಚ್ಚಿನವರು ಬೇರೆ ಕಾಯಿಲೆಯಿಂದ ಐಸಿಯುನಲ್ಲಿ ಮಲಗಿದವರು. ಅವರಿಗೆ ಕಲ್ಲಿಲ್ಲದೆಯೂ ಉರಿಯೂತ ಬರುತ್ತದೆ. ಬಾವು ಬಿಗಿದು ಗೋಡೆಗೆ ರಕ್ತಸಂಚಾರ ನಿಂತರೆ ಅದು ಕೊಳೆಯುತ್ತದೆ, ತೂತು ಬೀಳುತ್ತದೆ.

ರೋಗವನ್ನು ಬೇಗ ಗುರುತಿಸಬೇಕು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಆ್ಯಂಟಿಬಯಾಟಿಕ್ ಕೊಟ್ಟು ಬಾವು ಇಳಿಸಿ, ಆರೆಂಟು ವಾರ ಬಿಟ್ಟು ಆಪರೇಷನ್ ಮಾಡುವುದು ಹಿಂದಿನ ಪದ್ಧತಿ. ಈಗ ಹಾಗಲ್ಲ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮೊದಲ ಬಾರಿಗೆ ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದ ನಂತರ ಈ ಶಸ್ತ್ರಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಆಸ್ಪತ್ರೆ ಸೇರಿದ 24 ಗಂಟೆಯೊಳಗೆ ಆಪರೇಷನ್ ಮಾಡಿದವರನ್ನೂ ವಾರಗಟ್ಟಲೆ ಕಾಯಿಸಿದವರನ್ನೂ ಹೋಲಿಸಿದ ಜರ್ಮನಿಯದೇ ಒಂದು ದೊಡ್ಡ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬೇಗ ಮಾಡಿದವರಲ್ಲಿ ಶೇ 12ರಷ್ಟು ಮಂದಿಗೆ ತೊಡಕುಗಳಾದರೆ, ಕಾಯಿಸಿದವರಲ್ಲಿ ಅದು ಶೇ 34ರಷ್ಟಿತ್ತು. ರೋಗವಿದ್ದೂ ಗುರುತಿಸದೆ ಮನೆಗೆ ಕಳಿಸಿದರೆ ಈ ಅವಕಾಶ ಕೈತಪ್ಪುತ್ತದೆ. ಇಲ್ಲದ ರೋಗವನ್ನು ಇದೆ ಎಂದರೆ ಬೇಡದ ಆಪರೇಷನ್ ಆಗುತ್ತದೆ. ಯಾವ ಪರೀಕ್ಷೆ ಮೊದಲು ಎಂಬ ಚರ್ಚೆ ನಡೆಯುವುದು ಈ ಎರಡು ಅಪಾಯಗಳ ನಡುವೆ.

ಸ್ಕ್ಯಾನಿಂಗ್ ಪರವಾಗಿ

ಜನ ಸ್ಕ್ಯಾನಿಂಗ್ ಎನ್ನುವ ಅಲ್ಟ್ರಾಸೌಂಡ್‌ನಿಂದಲೇ ಶುರು ಮಾಡಬೇಕು ಎಂಬುದು ಜಗತ್ತಿನ ಬಹುತೇಕ ಮಾರ್ಗಸೂಚಿಗಳ ಮಾತು. ಜಪಾನಿನ ನೇತೃತ್ವದಲ್ಲಿ 2007ರಲ್ಲಿ ರೂಪುಗೊಂಡು 2013 ಮತ್ತು 2018ರಲ್ಲಿ ಪರಿಷ್ಕರಣೆಯಾದ ಟೋಕಿಯೊ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ವಿಕಿರಣವಿಲ್ಲ, ಖರ್ಚು ಕಡಿಮೆ, ಗರ್ಭಿಣಿಗೂ ಮಗುವಿಗೂ ಅಪಾಯವಿಲ್ಲ, ಹಾಸಿಗೆಯ ಪಕ್ಕಕ್ಕೇ ಯಂತ್ರ ತರಬಹುದು. ಪಿತ್ತಕೋಶದೊಳಗಿನ ಕಲ್ಲು ಕಾಣುವುದರಲ್ಲಿ ಇದನ್ನು ಮೀರಿಸಿದ ಸುಲಭ ಪರೀಕ್ಷೆ ಇನ್ನೊಂದಿಲ್ಲ.

ಇದರ ನಿಜವಾದ ಬಲ ತಿಳಿಯಬೇಕಾದರೆ ಪರೀಕ್ಷೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಜೆಲ್ ಹಚ್ಚಿದ ಪ್ರೋಬನ್ನು ವೈದ್ಯರು ಬಲ ಪಕ್ಕೆಲುಬಿನ ಅಂಚಿನಡಿ ಇಟ್ಟು, "ಉಸಿರು ಎಳ್ಕೊಳ್ಳಿ ಅಮ್ಮ, ಹಾಗೇ ಹಿಡ್ಕೊಳ್ಳಿ" ಎನ್ನುತ್ತಾರೆ. ಉಸಿರೆಳೆದಾಗ ಪಿತ್ತಜನಕಾಂಗದ ಜತೆ ಪಿತ್ತಕೋಶವೂ ಕೆಳಗಿಳಿದು ಪರದೆಯ ಮೇಲೆ ಕಪ್ಪಗೆ, ಪೇರಲ ಹಣ್ಣಿನ ಆಕಾರದಲ್ಲಿ ಮೂಡುತ್ತದೆ. ಒಳಗೆ ಕಲ್ಲಿದ್ದರೆ ಬೆಳ್ಳಗೆ ಹೊಳೆದು, ಅದರ ಹಿಂದೆ ಕರಿಯ ನೆರಳು ಬೀಳುತ್ತದೆ. "ಎಡಕ್ಕೆ ಹೊರಳಿ" ಎಂದಾಗ ಕಲ್ಲು ಉರುಳಿದರೆ ಸರಿ, ಕತ್ತಿನಲ್ಲೇ ಕದಲದೆ ಕೂತಿದ್ದರೆ ಅನುಮಾನ ಬಲವಾಗುತ್ತದೆ. ಆಮೇಲೆ ಗೋಡೆಯ ದಪ್ಪ ಅಳೆಯುತ್ತಾರೆ. 3 ಮಿಲಿಮೀಟರ್ ದಾಟಿದರೆ ದಪ್ಪವೆಂದು ಹಲವರು ಲೆಕ್ಕ ಹಿಡಿಯುತ್ತಾರೆ. ಟೋಕಿಯೊ ಮಾರ್ಗಸೂಚಿ 4 ಮಿಲಿಮೀಟರನ್ನು ಗಡಿಯಾಗಿ ಇಟ್ಟುಕೊಂಡಿದೆ. ಸುತ್ತ ನೀರು ಕಟ್ಟಿದೆಯೇ, ಚೀಲದ ಅಡ್ಡಳತೆ 4 ಸೆಂಟಿಮೀಟರ್ ಮೀರಿ ಉಬ್ಬಿದೆಯೇ ಎಂದೂ ನೋಡುತ್ತಾರೆ.

ಕೊನೆಗೆ ಪರದೆಯಲ್ಲಿ ಪಿತ್ತಕೋಶ ಕಾಣುವ ಜಾಗದ ಮೇಲೇ ಪ್ರೋಬ್ ಒತ್ತಿ, "ಇಲ್ಲೇನಾ ಹೆಚ್ಚು ನೋವು?" ಎಂದು ಕೇಳುತ್ತಾರೆ. ಷಿಕಾಗೊದ ಸರ್ಜನ್ ಜಾನ್ ಬೆಂಜಮಿನ್ ಮರ್ಫಿ 20ನೇ ಶತಮಾನದ ಆರಂಭದಲ್ಲಿ ಕೈಬೆರಳಿನಿಂದ ಮಾಡಿ ತೋರಿಸಿದ ಪರೀಕ್ಷೆಯೇ ಇಲ್ಲಿ ಪ್ರೋಬಿನಿಂದ ನಡೆಯುತ್ತದೆ. ಬೆರಳು ಪಿತ್ತಕೋಶದ ಜಾಗವನ್ನು ಅಂದಾಜಿನಿಂದ ಒತ್ತಿದರೆ, ಪ್ರೋಬ್ ಕಣ್ಣಿಗೆ ಕಾಣುವ ಪಿತ್ತಕೋಶವನ್ನೇ ಒತ್ತುತ್ತದೆ. ಕಲ್ಲೂ ಇದ್ದು, ಈ ನೋವೂ ಇದ್ದರೆ ಹತ್ತರಲ್ಲಿ ಒಂಬತ್ತು ಮಂದಿಗೆ ನಿಜಕ್ಕೂ ಉರಿಯೂತವಿತ್ತು ಎಂದು 1985ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿತು. ಚಿತ್ರವೂ ರೋಗಿಯ ದೇಹವೂ ಒಂದೇ ಗಳಿಗೆಯಲ್ಲಿ ಉತ್ತರ ಕೊಡುವ ಪರೀಕ್ಷೆ ಇದೊಂದೇ. ಸಿಟಿ ಯಂತ್ರ ರೋಗಿಯನ್ನು ನೋವು ಎಲ್ಲಿ ಎಂದು ಕೇಳುವುದಿಲ್ಲ.

ಆದರೆ ಇದೇ ಬಲ ದೌರ್ಬಲ್ಯವೂ ಹೌದು. ಚಿತ್ರದ ಗುಣಮಟ್ಟ ಪ್ರೋಬ್ ಹಿಡಿದವರ ಕೈಯನ್ನು ನೆಚ್ಚಿಕೊಂಡಿದೆ. ಮೈ ದಪ್ಪಗಿದ್ದರೆ, ಕರುಳಿನಲ್ಲಿ ಗಾಳಿ ತುಂಬಿದ್ದರೆ ಪಿತ್ತಕೋಶ ಮರೆಯಾಗುತ್ತದೆ. ಊಟ ಮಾಡಿ ಬಂದವರಲ್ಲಿ ಅದು ಕುಗ್ಗಿರುತ್ತದೆ, ಆಗ ಗೋಡೆ ತಾನೇ ದಪ್ಪ ಕಾಣುತ್ತದೆ. ನೋವಿನ ಇಂಜೆಕ್ಷನ್ ಕೊಟ್ಟಿದ್ದರೆ ಒತ್ತಿದಾಗ ನೋವಾಗದಿರಬಹುದು. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ನರಗಳು ಮಂದವಾಗಿರುತ್ತವೆ. ಪಿತ್ತಕೋಶ ಕೊಳೆಯತೊಡಗಿದರೆ ಅದರ ನರಗಳೂ ಸಾಯುತ್ತವೆ, ಹಾಗಾಗಿ ಅತ್ಯಂತ ಅಪಾಯದಲ್ಲಿರುವ ರೋಗಿಯಲ್ಲೇ ಈ ಗುರುತು ಕಾಣದೆ ಹೋಗಬಹುದು.

ನಮ್ಮ ರಾಜ್ಯದಲ್ಲಿ ಮಳೆಗಾಲದ ಇನ್ನೊಂದು ತೊಡಕಿದೆ, ಅದು ಡೆಂಗಿ. ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರಿ ಪಿತ್ತಕೋಶದ ಗೋಡೆ ಬಾತುಕೊಳ್ಳುತ್ತದೆ, ಸುತ್ತ ನೀರೂ ನಿಲ್ಲುತ್ತದೆ. ಜ್ವರ, ಹೊಟ್ಟೆನೋವು, ದಪ್ಪ ಗೋಡೆ ಮೂರೂ ಸೇರಿದಾಗ ವರದಿ ಉರಿಯೂತದಂತೆಯೇ ಓದಿಸಿಕೊಳ್ಳುತ್ತದೆ. ಆದರೆ ಅಲ್ಲಿ ಸಾಮಾನ್ಯವಾಗಿ ಕಲ್ಲು ಇರುವುದಿಲ್ಲ, ಪ್ಲೇಟ್‌ಲೆಟ್ ಇಳಿದಿರುತ್ತದೆ. ಅಂಥವರಿಗೆ ಆಪರೇಷನ್ ಎಂದರೆ ರಕ್ತಸ್ರಾವವನ್ನು ಕೈಯಾರೆ ಕರೆದಂತೆ. ಜ್ವರ ಇಳಿದ ಮೇಲೆ ಆ ಗೋಡೆ ತಾನಾಗಿಯೇ ಮೊದಲಿನಂತಾಗುತ್ತದೆ. ಹೃದಯ ಸೋತವರಲ್ಲಿ, ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ, ಕಾಮಾಲೆ ತರುವ ಹೆಪಟೈಟಿಸ್‌ನಲ್ಲಿ ಕೂಡ ಗೋಡೆ ದಪ್ಪಗಾಗುತ್ತದೆ. ಗೋಡೆಯ ದಪ್ಪವೊಂದನ್ನೇ ನೋಡಿ ರೋಗ ನಿರ್ಧರಿಸಲಾಗದು.

ಅಂಕಿಗಳು ಹೇಳುವುದೇನು

57 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಉರಿಯೂತ ಇರುವ ನೂರು ಮಂದಿಯಲ್ಲಿ ಅಲ್ಟ್ರಾಸೌಂಡ್ 81 ಮಂದಿಯನ್ನು ಹಿಡಿಯುತ್ತದೆ, ಇಲ್ಲದ ನೂರು ಮಂದಿಯಲ್ಲಿ 83 ಮಂದಿಗೆ ಇಲ್ಲವೆಂದು ಸರಿಯಾಗಿ ಹೇಳುತ್ತದೆ. ಕೇಳಲು ಪರವಾಗಿಲ್ಲ ಎನಿಸುತ್ತದೆ. ಆದರೆ ಈ ಅಂಕಿಗಳನ್ನು ಎರಡು ಬೇರೆ ಬೇರೆ ಕಡೆ ಹಾಕಿ ನೋಡೋಣ.

ಸುಮ್ಮನೆ ಹೊಟ್ಟೆನೋವು ಎಂದು ಬಂದವರನ್ನೆಲ್ಲ ಸ್ಕ್ಯಾನಿಂಗ್‌ಗೆ ಕಳಿಸುವ ಕಡೆ ನೂರರಲ್ಲಿ 20 ಮಂದಿಗೆ ಮಾತ್ರ ಉರಿಯೂತ ಇದೆ ಎಂದಿಟ್ಟುಕೊಳ್ಳಿ. ಆ 20ರಲ್ಲಿ 16 ಮಂದಿ ಸಿಕ್ಕುತ್ತಾರೆ. ರೋಗವಿಲ್ಲದ 80ರಲ್ಲಿ 14 ಮಂದಿಗೂ ಇದೆ ಎಂದೇ ವರದಿ ಬರುತ್ತದೆ. ಅಂದರೆ ಇದೆ ಎಂದ 30 ವರದಿಗಳಲ್ಲಿ ಹೆಚ್ಚುಕಡಿಮೆ ಅರ್ಧ ತಪ್ಪು. ಇನ್ನೊಂದು ಕಡೆ, ಅನುಭವಿ ವೈದ್ಯರು ಕೈಯಿಂದ ಪರೀಕ್ಷಿಸಿ, ಜ್ವರ ನೋಡಿ, ಬಿಳಿ ರಕ್ತಕಣಗಳ ಲೆಕ್ಕ ನೋಡಿ, ಖಂಡಿತ ಇದೇ ಇರಬೇಕು ಎಂದು ಕಳಿಸಿದ ನೂರು ಮಂದಿ. ಅವರಲ್ಲಿ 80 ಮಂದಿಗೆ ರೋಗವಿದೆ. ಸ್ಕ್ಯಾನಿಂಗ್ 65 ಮಂದಿಯನ್ನು ಹಿಡಿದು 15 ಮಂದಿಯನ್ನು ಬಿಡುತ್ತದೆ. ರೋಗವಿಲ್ಲದ 20ರಲ್ಲಿ 17 ಮಂದಿಗೆ ಇಲ್ಲವೆನ್ನುತ್ತದೆ. ಈಗ ಇಲ್ಲ ಎಂದ 32 ವರದಿಗಳಲ್ಲಿ 15 ತಪ್ಪು. ಯಂತ್ರ ಅದೇ, ಕೈ ಅದೇ, ಆದರೆ ಒಂದು ಕಡೆ ಇದೆ ಎನ್ನುವ ವರದಿ ದಾರಿ ತಪ್ಪಿಸುತ್ತದೆ, ಇನ್ನೊಂದು ಕಡೆ ಇಲ್ಲ ಎನ್ನುವ ವರದಿ. ಪ್ರೋಬ್ ಇಡುವ ಮೊದಲು ವೈದ್ಯರ ಕೈ ಏನು ಕಂಡುಕೊಂಡಿತು ಎಂಬುದರ ಮೇಲೆ ವರದಿಯ ಬೆಲೆ ನಿಂತಿದೆ.

ಸಿಟಿ ಪರವಾಗಿ

ಇನ್ನೊಂದು ಪಕ್ಷದ ವೈದ್ಯರು ಹೀಗೆ ಕೇಳುತ್ತಾರೆ: ಜ್ವರ, ಹೊಟ್ಟೆನೋವು ಎಂದು ಬಂದವರಿಗೆ ಪಿತ್ತಕೋಶದ್ದೇ ತೊಂದರೆ ಎಂದು ಮೊದಲೇ ಹೇಗೆ ಗೊತ್ತು? ಮೇದೋಜೀರಕದ ಬಾವು, ಪಿತ್ತಜನಕಾಂಗದ ಕೀವು, ಹುಣ್ಣಿನಿಂದ ತೂತಾದ ಕರುಳು, ಮೇಲಕ್ಕೆ ಸರಿದಿರುವ ಅಪೆಂಡಿಕ್ಸ್, ಶ್ವಾಸಕೋಶದ ತಳದ ನ್ಯುಮೋನಿಯಾ ಎಲ್ಲವೂ ಇದೇ ಜಾಗದಲ್ಲಿ ನೋವು ತರಬಲ್ಲವು. ಸಿಟಿ ಕೆಲವೇ ಸೆಕೆಂಡುಗಳಲ್ಲಿ ಇಡೀ ಹೊಟ್ಟೆಯನ್ನು ತೋರಿಸುತ್ತದೆ. ಗೋಡೆಯೊಳಗೆ ಗಾಳಿ ಸೇರಿದ್ದರೆ, ರಕ್ತ ಹರಿಯದೆ ಗೋಡೆ ಕೊಳೆಯುತ್ತಿದ್ದರೆ, ತೂತು ಬಿದ್ದು ಕೀವು ಹೊರಬಂದಿದ್ದರೆ ಸಿಟಿಯಷ್ಟು ಸ್ಪಷ್ಟವಾಗಿ ಅಲ್ಟ್ರಾಸೌಂಡ್ ಹೇಳಲಾರದು. ಅಂಥ ಅನುಮಾನವಿದ್ದಾಗ ಕಾಂಟ್ರಾಸ್ಟ್ ಕೊಟ್ಟು ಸಿಟಿ ಮಾಡಿ ಎಂದು ಟೋಕಿಯೊ ಮಾರ್ಗಸೂಚಿಯೂ ಹೇಳುತ್ತದೆ.

ಉರಿಯೂತ ಹಿಡಿಯುವುದರಲ್ಲೂ ಸಿಟಿ ಹಿಂದೆ ಬಿದ್ದಿಲ್ಲ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸಿಟಿ ಶೇ 92ರಷ್ಟು ಪ್ರಕರಣಗಳನ್ನು ಹಿಡಿದರೆ, ಅಲ್ಟ್ರಾಸೌಂಡ್ ಹಿಡಿದದ್ದು ಶೇ 79. ಕಲ್ಲು ಹುಡುಕುವುದರಲ್ಲಿ ಮಾತ್ರ ಲೆಕ್ಕ ತಿರುವುಮುರುವಾಯಿತು: ಅಲ್ಟ್ರಾಸೌಂಡ್ ಶೇ 87, ಸಿಟಿ ಶೇ 60.

ನಮ್ಮ ಪರಿಸ್ಥಿತಿಗೆ ಹತ್ತಿರದ ವಾದ ಇನ್ನೊಂದಿದೆ. ತಾಲ್ಲೂಕು ಕೇಂದ್ರದಲ್ಲಿ ರಾತ್ರಿ ಎರಡು ಗಂಟೆಗೆ ಅಲ್ಟ್ರಾಸೌಂಡ್ ಮಾಡುವ ರೇಡಿಯಾಲಜಿಸ್ಟ್ ಸಿಗುವುದು ಅಪರೂಪ. ಹೆಣ್ಣು ಭ್ರೂಣಹತ್ಯೆ ತಡೆಯಲು ಬಂದ 1994ರ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಅರ್ಹತೆ ಪಡೆದು ಹೆಸರು ನೋಂದಾಯಿಸಿದವರೇ ಅದನ್ನು ನಡೆಸಬೇಕು. ಕಾಯ್ದೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆ ದೇಶಗಳಲ್ಲಿ ತುರ್ತು ವಿಭಾಗದ ವೈದ್ಯರೇ ಪ್ರೋಬ್ ಎತ್ತಿಕೊಂಡು ಎರಡು ನಿಮಿಷದಲ್ಲಿ ನೋಡಿಬಿಡುವಷ್ಟು ಸುಲಭ ಇಲ್ಲಿಲ್ಲ. ಸಿಟಿ ಹಾಗಲ್ಲ. ತಂತ್ರಜ್ಞರು ತೆಗೆದ ಚಿತ್ರಗಳನ್ನು ಎಲ್ಲೋ ಕುಳಿತ ರೇಡಿಯಾಲಜಿಸ್ಟ್ ಓದಬಹುದು. ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಸಿಟಿಗಳನ್ನು ಬೆಂಗಳೂರಿನಲ್ಲಿ ಕುಳಿತು ಓದುವ ಕೆಲಸ ಈ ಶತಮಾನದ ಆರಂಭದಿಂದಲೇ ನಡೆದಿದೆ. ಬೆಂಗಳೂರಿನಿಂದ ಅಮೆರಿಕಕ್ಕೆ ಆಗುವುದು ಬೆಂಗಳೂರಿನಿಂದ ನಮ್ಮದೇ ಜಿಲ್ಲಾ ಆಸ್ಪತ್ರೆಗೂ ಆಗುತ್ತದೆ. ಅಲ್ಟ್ರಾಸೌಂಡನ್ನು ಹೀಗೆ ದೂರಕ್ಕೆ ಕಳಿಸಿದರೆ ಅರ್ಧ ಮಾಹಿತಿ ಉಳಿಯುವುದೇ ಇಲ್ಲ, ಏಕೆಂದರೆ ಒತ್ತಿದ ಕೈ ಮತ್ತು ನೊಂದ ರೋಗಿ ಇಲ್ಲೇ ಇರುತ್ತಾರೆ.

ಈ ವಾದಕ್ಕೂ ಮಿತಿಗಳಿವೆ. ಕೆಲವು ಕಲ್ಲುಗಳ ಸಾಂದ್ರತೆ ಪಿತ್ತರಸದಷ್ಟೇ ಇರುವುದರಿಂದ ಸಿಟಿಯಲ್ಲಿ ಕಾಣುವುದೇ ಇಲ್ಲ. ಹೊಟ್ಟೆಯ ಒಂದು ಸಿಟಿಯಿಂದ ಸಾಮಾನ್ಯವಾಗಿ 8ರಿಂದ 10 ಮಿಲಿಸೀವರ್ಟ್ ವಿಕಿರಣ ಮೈಗೆ ತಾಗುತ್ತದೆ. ನಿಸರ್ಗದಿಂದ ನಮಗೆ ವರ್ಷಕ್ಕೆ ಬರುವುದು ಜಾಗತಿಕ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್. 70 ವರ್ಷದ ರೋಗಿಗೆ ಇದು ದೊಡ್ಡ ಮಾತಲ್ಲ, 22 ವರ್ಷದ ಯುವತಿಗೆ ಯೋಚಿಸಬೇಕಾದ ಮಾತು, ಗರ್ಭಿಣಿಗಂತೂ ಬೇರೆ ದಾರಿ ಇರುವಾಗ ಬೇಡದ ಮಾತು. ಆಕೆಗೆ ಎಂಆರ್‌ಐ ಇದೆ. ಕಾಂಟ್ರಾಸ್ಟ್‌ನಲ್ಲಿರುವ ಅಯೋಡಿನ್ ಕೆಲವರಿಗೆ ಅಲರ್ಜಿ, ಕಿಡ್ನಿ ದುರ್ಬಲವಾಗಿರುವವರಲ್ಲಿ ಎಚ್ಚರ ಬೇಕು. ಇಡೀ ಹೊಟ್ಟೆ ಕಾಣುವಾಗ ಸಂಬಂಧವಿಲ್ಲದ ಸಣ್ಣಪುಟ್ಟ ಗಂಟುಗಳೂ ಕಂಡು, ಅವುಗಳ ಬೆನ್ನುಹತ್ತಿ ಮತ್ತಷ್ಟು ಪರೀಕ್ಷೆಗಳಾಗುವುದೂ ಉಂಟು. ಕೈಯಿಂದ ಖರ್ಚು ಮಾಡುವ ಕುಟುಂಬಕ್ಕೆ ಸಿಟಿಯ ಬಿಲ್ಲು ಅಲ್ಟ್ರಾಸೌಂಡಿನದಕ್ಕಿಂತ ಹಲವು ಪಟ್ಟು ಭಾರ.

ಹೈಡಾ ಎಂಬ ಮೂರನೆಯ ದಾರಿ

ಅಂಕಿಗಳನ್ನಷ್ಟೇ ನೋಡಿದರೆ ಗೆಲ್ಲುವುದು ಇವೆರಡೂ ಅಲ್ಲ, ಹೈಡಾ ಸ್ಕ್ಯಾನ್. ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತು ಬೆರೆಸಿದ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಪಿತ್ತಜನಕಾಂಗ ಅದನ್ನು ಪಿತ್ತರಸದ ಜತೆ ಹೊರಹಾಕುತ್ತದೆ. ರಸ ಕರುಳಿಗೆ ಇಳಿದರೂ ನಾಲ್ಕು ಗಂಟೆಯವರೆಗೆ ಪಿತ್ತಕೋಶದೊಳಗೆ ಹೋಗದಿದ್ದರೆ ನಾಳ ಕಟ್ಟಿಕೊಂಡಿದೆ ಎಂದರ್ಥ. ಉಳಿದ ಯಂತ್ರಗಳು ಆಕಾರ ನೋಡಿದರೆ ಇದು ಕೆಲಸ ನೋಡುತ್ತದೆ. 2012ರ ಅದೇ ವಿಶ್ಲೇಷಣೆಯಲ್ಲಿ ಇದು ರೋಗವಿದ್ದ ನೂರರಲ್ಲಿ 96 ಮಂದಿಯನ್ನು ಹಿಡಿದು, ಇಲ್ಲದ ನೂರರಲ್ಲಿ 90 ಮಂದಿಗೆ ಸರಿಯಾಗಿ ಇಲ್ಲವೆಂದಿತು. ಎಂಆರ್‌ಐಗೆ ಸಿಕ್ಕ ಅಂಕಿ 85 ಮತ್ತು 81.

ಆದರೂ ಇದು ಮೊದಲ ಪರೀಕ್ಷೆಯಾಗಿ ನಿಲ್ಲದು. ಗಂಟೆಗಟ್ಟಲೆ ಹಿಡಿಯುತ್ತದೆ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು, ಬೆಂಗಳೂರು, ಮಣಿಪಾಲದಂಥ ಕಡೆ ಅದು ಇದ್ದರೂ ರಾತ್ರಿಯ ತುರ್ತಿಗೆ ಒದಗುವುದು ಕಷ್ಟ. ಬಹಳ ದಿನ ಬಾಯಿಂದ ಆಹಾರವಿಲ್ಲದವರಲ್ಲಿ ಪಿತ್ತಕೋಶ ಮೊದಲೇ ತುಂಬಿಕೊಂಡಿರುವುದರಿಂದ ಔಷಧ ಒಳಹೋಗದೆ ಸುಳ್ಳು ಫಲಿತಾಂಶ ಬರಬಹುದು. ಐಸಿಯುನಲ್ಲಿರುವ ರೋಗಿಗಳೇ ಹಾಗಿರುತ್ತಾರೆ. ನೋವಿಗೆ ಬೇರೆ ಕಾರಣವಿದ್ದರೆ ಅದು ಏನೆಂದು ಹೈಡಾ ಹೇಳಲಾರದು. ಉಳಿದವು ಗೊಂದಲದಲ್ಲಿ ನಿಂತಾಗ ತೀರ್ಪು ಕೊಡಲು ಇದು ಸರಿ.

ತೂಗಿದ ಮೇಲೆ

ಎರಡೂ ಪಕ್ಷ ಕೇಳಿದ ಮೇಲೆ ನನಗೆ ಸರಿಯೆನಿಸುವ ಕ್ರಮ ಇದು. ಅಲ್ಟ್ರಾಸೌಂಡೇ ಮೊದಲ ಪರೀಕ್ಷೆಯಾಗಿ ಇರಬೇಕು. ಕಲ್ಲು ಕಾಣುವುದು ಅದರಲ್ಲೇ, ಅಪಾಯವಿಲ್ಲದ್ದೂ ಅದೇ, ಬಡವರ ಕೈಗೆಟುಕುವುದೂ ಅದೇ. ಕಲ್ಲು, ಒತ್ತಿದಾಗ ನೋವು, ಜ್ವರ ಮೂರೂ ಹೊಂದಿಕೆಯಾದರೆ ಸಿಟಿಗೆಂದು ಹೊತ್ತು ಕಳೆಯದೆ ಸರ್ಜನ್‌ಗೆ ಹೇಳಬೇಕು. ಸಿಟಿ ಪಕ್ಷದವರು ಇದನ್ನು ಒಪ್ಪಬೇಕು.

ಅಲ್ಟ್ರಾಸೌಂಡ್ ಪಕ್ಷದವರು ಒಪ್ಪಬೇಕಾದದ್ದೂ ಅಷ್ಟೇ ಮುಖ್ಯ. ದೇಹ ಒಂದು ಹೇಳಿ ವರದಿ ಇನ್ನೊಂದು ಹೇಳಿದಾಗ ವರದಿಯ ಮಾತು ನಂಬಿ ಮನೆಗೆ ಕಳಿಸುವುದು ತಪ್ಪು. ಅಂದೇ ಸಿಟಿ ಆಗಬೇಕು, ಇಲ್ಲವಾದರೆ ರೋಗಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಕೆಲವು ಗಂಟೆಗಳ ನಂತರ ಮತ್ತೆ ಸ್ಕ್ಯಾನಿಂಗ್ ಆಗಬೇಕು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡ ಕುಸಿದವರು, ನೋವು ಶುರುವಾಗಿ ಮೂರು ದಿನ ದಾಟಿದವರು ಇವರಲ್ಲಿ ಸಿಟಿಗೆ ಹಿಂದೆಮುಂದೆ ನೋಡಬಾರದು. ರಾತ್ರಿ ಅಲ್ಟ್ರಾಸೌಂಡ್ ಮಾಡುವವರಿಲ್ಲ, ಸಿಟಿ ಇದೆ ಎನ್ನುವ ಆಸ್ಪತ್ರೆಯಲ್ಲಿ ತೀವ್ರ ರೋಗಿಗೆ ಸಿಟಿಯಿಂದಲೇ ಶುರು ಮಾಡುವುದು ಪುಸ್ತಕದ ಕ್ರಮವಲ್ಲದಿದ್ದರೂ ತಪ್ಪಲ್ಲ. ಬೆಳಗಿನವರೆಗೆ ಕಾಯಿಸುವುದು ಅದಕ್ಕಿಂತ ದೊಡ್ಡ ತಪ್ಪು.

ರೇಡಿಯಾಲಜಿಸ್ಟರಲ್ಲಿ ಒಂದು ಕೋರಿಕೆ: ಪ್ರೋಬ್ ಒತ್ತಿದಾಗ ನೋವಾಯಿತೇ, ಆ ಹೊತ್ತಿಗೆ ರೋಗಿಗೆ ನೋವಿನ ಔಷಧ ಕೊಟ್ಟಿತ್ತೇ, ಪಿತ್ತಕೋಶ ಪೂರ್ತಿ ಕಂಡಿತೇ ಎಂಬ ಮೂರು ಸಾಲು ವರದಿಯಲ್ಲಿ ಇರಲಿ. ಪರೀಕ್ಷೆಗೆ ಕಳಿಸುವ ವೈದ್ಯರು ಚೀಟಿಯಲ್ಲಿ ಬರೀ ಹೊಟ್ಟೆನೋವು ಎಂದು ಬರೆಯದೆ, ತಮ್ಮ ಅನುಮಾನ ಏನು, ಎಷ್ಟು ಬಲವಾಗಿದೆ ಎಂದು ಬರೆಯಲಿ. ಸರ್ಕಾರ ಜಿಲ್ಲೆಗಳಿಗೆ ಯಂತ್ರ ಕೊಟ್ಟರಷ್ಟೇ ಸಾಲದು, ರಾತ್ರಿಪಾಳಿಯಲ್ಲಿ ಚಿತ್ರ ತೆಗೆಯುವವರೂ ಓದುವವರೂ ಇರುವ ಏರ್ಪಾಡು ಆಗಲಿ.

ಓದುಗರಲ್ಲೂ ಒಂದು ಮಾತು. ಸ್ಕ್ಯಾನಿಂಗ್‌ಗೆ ಮಲಗುವ ಮೊದಲು ಕೊನೆಯ ಸಲ ಏನು, ಯಾವಾಗ ತಿಂದಿರಿ, ಯಾವ ನೋವಿನ ಮಾತ್ರೆ ನುಂಗಿದಿರಿ ಎಂದು ತಾವಾಗಿಯೇ ಹೇಳಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಗರ್ಭ ಇದ್ದರೆ ಮರೆಯದೆ ತಿಳಿಸಿ. ವರದಿಯಲ್ಲಿ ನಾರ್ಮಲ್ ಎಂದಿದ್ದರೂ ನೋವೂ ಜ್ವರವೂ ಇಳಿಯದಿದ್ದರೆ ಸಂಕೋಚಪಡದೆ ಅದೇ ದಿನ ಮತ್ತೆ ಆಸ್ಪತ್ರೆಗೆ ಹೋಗಿ, ಮತ್ತೊಮ್ಮೆ ಹೊಟ್ಟೆ ಮುಟ್ಟಿ ನೋಡಿ ಎಂದು ವೈದ್ಯರನ್ನು ಕೇಳಿ.